ಯಾವಗಲ್ಲಿನ ಬುತ್ತಿ

ರೋಣದ ದವಾಖಾನೆಯ ಕಪಾಟಿನ ಕೀಲಿ ಒಡೆದಿರಲಿಲ್ಲ. ಒಳಗಿದ್ದ ಟ್ಯಾಬ್‌ಗಳು ಮಾತ್ರ ಮಾಯ!

ರೋಣ, ನರಗುಂದ, ಗಜೇಂದ್ರಗಡ ಭಾಗದ ನರ್ಸಮ್ಮಂದಿರ ಟ್ಯಾಬ್‌ಗಳವು. ಒಬ್ಬರು ಒಮ್ಮೆ ಬರೆದರೆ ಸಾಕು, ಎಲ್ಲ ದವಾಖಾನೆಗಳಲ್ಲೂ ಕಾಣುತ್ತಿತ್ತು. ಮೊದಲಾದರೆ ತಿಂಗಳ ಕೊನೆಗೆ ಎಲ್ಲರೂ ಇಲ್ಲಿ ಕೂಡಿ, ಕೈ ಬಿದ್ದುಹೋಗುವಷ್ಟು ಬರೆಯಬೇಕಿತ್ತು. ಈಗ ಆ ರಗಳೆ ಇಲ್ಲ. ನಿನ್ನೆ ಸಂಜೆ ಹೊಸ ಆ್ಯಪ್ ಹಾಕಿಸಲೆಂದು ಟ್ಯಾಬ್ ಇಟ್ಟುಹೋಗಿದ್ದರು, ಅಷ್ಟೇ.

"ದುರಗೇಶಂದ ಕೆಲಸರೀ ಇದು," ಎಂದರು ಡಾಕ್ಟರ್ ವಾಸುದೇವ. "ಕೀಲಿಕೈ ಅವನ ಕಡೆ ಇರತೈತಿ. ಟ್ಯಾಬ್ ಬಂದು ಅವನ ಟೈಪಿಂಗ್ ಕೆಲಸಕ್ಕ ಕುತ್ತು ಬಂದೈತಿ. ಆ ಸಿಟ್ಟು."

ಗುತ್ತಿಗೆ ನೌಕರ ದುರಗೇಶನ ಮುಖ ಬಿಳಿಚಿತ್ತು. "ನಾ ಮುಟ್ಟಿಲ್ರಿ ಮೇಡಂ. ಇನ್ನೊಂದು ಕೀಲಿಕೈ ಕ್ಯಾಲೆಂಡರ್ ಹಿಂದ ಇರತೈತಿ, ಎಲ್ಲಾರಿಗೂ ಗೊತ್ತದ. ನನ್ನ ಠಾಣೆಗೆ ಒಯ್ದ್ರ ನಾಳಿಂದ ನೌಕರಿ ಇಲ್ರಿ."

ಪಿಎಸ್ಐ ಫರ್ಜಾನಾ ಕ್ಯಾಲೆಂಡರ್ ಸರಿಸಿ ನೋಡಿದಳು; ಕೀಲಿಕೈ ಅಲ್ಲೇ ಇತ್ತು. ರೋಣಕ್ಕೆ ಅವಳು ಹೊಸಬಳು. ಊರಿನ ಕಳ್ಳರ ಪರಿಚಯವಾಗಿತ್ತು, ನೆರೆಮನೆಯವರದು ಇನ್ನೂ ಆಗಿರಲಿಲ್ಲ.

* * *

"ಇದ್ದಲ್ಲಿಂದ ಎದ್ದು ಬರ್ರಿ. ತಿಂಗಳ ವರದಿ ಇವತ್ತ ಹೋಗಬೇಕು, ಕೈಲೇ ಬರೀರಿ," ಎಂದು ಡಾಕ್ಟರು ಹತ್ತು ಗಂಟೆಗೆ ಎಲ್ಲರಿಗೂ ಫೋನ್ ಮಾಡಿದರು. ನರ್ಸಮ್ಮಂದಿರು ಗೊಣಗುತ್ತಲೇ ಬಂದರು. ಮಧ್ಯಾಹ್ನ ನೋಡಿದರೆ ಯಾರ ಬಳಿಯೂ ಬುತ್ತಿಯಿಲ್ಲ. ಗಜೇಂದ್ರಗಡದ ಮಯೂರಿ ಬಿಸ್ಕೀಟು ಹೊರತೆಗೆದಳು.

ಯಾವಗಲ್ ಹಳ್ಳಿಯ ಅನ್ನಪೂರ್ಣಾ ನಕ್ಕು ಗಂಟು ಬಿಚ್ಚಿದಳು. ರೊಟ್ಟಿಯ ರಾಶಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ.

"ಅಕ್ಕ ಮೊದಲಿಂದ್ಲೂ ಹಿಂಗ," ಎಂದು ಮಯೂರಿ ಕೈಹಾಕಿದಳು.

"ನೀವೂ ಬರ್ರಿ ಮೇಡಂ, ಒಬ್ಬರ ಯಾಕ ನಿಂತೀರಿ?" ಎಂದು ಅನ್ನಪೂರ್ಣಾ ಕರೆದಳು.

ಫರ್ಜಾನಾ ಕೂತಳು. ನಾಲ್ಕು ಜನರೊಡನೆ ಕೂತು ಉಂಡು ಎಷ್ಟು ದಿನವಾಗಿತ್ತೋ!

"ಭಾಳ ಚಲೋ ಆಗೇತ್ರಿ ಅಕ್ಕಾರ. ಮನ್ಯಾಗ ಮಂದಿ ಭಾಳ ಏನು?"

"ಎಲ್ಲೀದ್ರಿ! ಕ್ವಾರ್ಟರ್ಸಿನ್ಯಾಗ ನಾ ಒಬ್ಬಾಕೀನ."

"ಫೋನ್ ಬಂದಾಗ ಮನ್ಯಾಗ ಇದ್ರೇನು?"

"ಇಲ್ರಿ, ಕೂಸುಗಳನ್ನ ನೋಡಾಕ ಓಣಿ ಓಣಿ ಅಡ್ಡಾಡಾಕತ್ತಿದ್ದೆ. ಅಲ್ಲಿಂದನ ಬಸ್ ಹತ್ತಿದೆ."

ಫರ್ಜಾನಾಳ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ಅವಳು ಎದ್ದು ಕೈತೊಳೆದು, ಡಾಕ್ಟರನ್ನೂ ದುರಗೇಶನನ್ನೂ ಒಳಗೆ ಕರೆದಳು.

* * *

ಎಲ್ಲರ ಮುಂದೆ ಫರ್ಜಾನಾ ಅನ್ನಪೂರ್ಣಾಳತ್ತ ತಿರುಗಿದಳು. "ಒಬ್ಬರ ಇರೂ ನೀವು ಮುಂಜಾನೆ ಎದ್ದು ಇಷ್ಟು ಮಂದಿಗೆ ರೊಟ್ಟಿ ಬಡದೀರಿ. ಎಲ್ಲಾರೂ ಇಲ್ಲಿ ಕೂಡತಾರಂತ ಆಗ ಡಾಕ್ಟರಿಗೂ ಗೊತ್ತಿರಲಿಲ್ಲ. ಟ್ಯಾಬ್ ಒಯ್ದವರಿಗೆ ಮಾತ್ರ ಗೊತ್ತಿತ್ತು. ಹೌದಲ್ರಿ?"

ಅನ್ನಪೂರ್ಣಾ ಚೀಲದ ತಳದಿಂದ ಟ್ಯಾಬ್‌ಗಳನ್ನು ತೆಗೆದಿಟ್ಟಳು.

"ಸಂಜಿಗೆ ತಿರುಗಿ ಇಟ್ಟು ಹೋಗಾಕಿದ್ದೆ. ಬರಿಯೂ ದಿನಾ ಅಂದ್ರ ಎಲ್ಲಾರೂ ಸಿಗತಿದ್ರು, ಕೂಡಿ ಉಣ್ಣತಿದ್ವಿ. ಈಗ ಊರಾಗ ಬರೇ ಸಿಸ್ಟರ್, ಸಿಸ್ಟರ್. ನನ್ನ ಹೆಸರು ಹಿಡದು ಕರಿಯೋರ ಇಲ್ರಿ. ದುರಗೇಶನ ಮ್ಯಾಲೆ ಬರತೈತಂತ ಖರೇನ ಹೊಳೀಲಿಲ್ಲ. ತಪ್ಪಾತು, ತಮ್ಮಾ."

ದುರಗೇಶ ಟ್ಯಾಬ್‌ಗಳನ್ನು ಒಂದೊಂದಾಗಿ ಎಣಿಸಿಕೊಂಡ. ಡಾಕ್ಟರು ದೂರು ಬರೆದುಕೊಟ್ಟರು.

ಟ್ಯಾಬ್ ಸಿಕ್ಕ ಮೇಲೆ ವರದಿ ನೋಡನೋಡುತ್ತಲೇ ಮುಗಿಯಿತು. ನರ್ಸಮ್ಮಂದಿರು ತಲೆ ತಗ್ಗಿಸಿಕೊಂಡು ತಮ್ಮ ತಮ್ಮ ಬಸ್ಸು ಹಿಡಿದರು. ಕೋಣೆಯಲ್ಲಿ ಉಳಿದವರು ಫರ್ಜಾನಾ, ಅನ್ನಪೂರ್ಣಾ ಇಬ್ಬರೇ.

"ನಡೀರಿ ಮೇಡಂ, ಠಾಣೆಗೆ. ನಿಮ್ಮ ಊಟ ಮಾತ್ರ ಅರ್ಧಕ್ಕ ಉಳೀತು."

ಫರ್ಜಾನಾ ಟೋಪಿ ತೆಗೆದಿಟ್ಟು ತಾಟಿನ ಮುಂದೆ ಕೂತಳು.

"ಠಾಣೆ ಎಲ್ಲೂ ಓಡಿಹೋಗೂದಿಲ್ಲ. ಕುಂದರ್ರಿ, ಅನ್ನಪೂರ್ಣಕ್ಕಾರ. ಇನ್ನೊಂದು ರೊಟ್ಟಿ ಹಾಕ್ರಿ."