ಪೈಪಿನ ಮೇಲೊಂದು ಬೆರಳು

ಹಿಂದೆ, ಇನ್ನೂ ದೂರದಲ್ಲಿ, ಎರಡು ಬೈಕು. ಬೈಕಿನ ಮೇಲೆ ನಾಲ್ಕು ಜನ. ಕೈಯಲ್ಲಿ ಕಬ್ಬು ಕಡಿಯುವ ಕುಡಗೋಲು!

ಮುಂದೆ... ಮುಧೋಳ ರೋಡಿನ ತುಂಬ ಕಬ್ಬಿನ ಟ್ರ್ಯಾಕ್ಟರ್. ಜಾಮ್!

ಬ್ರೇಕ್ ಒತ್ತಿದೆ. ಆಕ್ಸಿಲರೇಟರ್ ಬಿಟ್ಟೆ. ಕಾರು ಗಡಗಡ ನಡುಗಿತು. ಆ ನಡುಕಕ್ಕೆ ನನ್ನ ಜೇಬಿನಲ್ಲಿದ್ದ ಶೇಂಗಾ ತಾವೇ ಸಿಪ್ಪೆ ಬಿಟ್ಟವು. ಸುಳ್ಳಲ್ಲರೀ, ತಿಂದವನು ನಾನೇ!

ಆಮೇಲೆ ಎಂಜಿನ್ ಬಂದ್.

ಕಳುವಾದದ್ದನ್ನು ಹುಡುಕಿ ತರುವುದು ನನ್ನ ಧಂದೆ. ಈ ಸಲದ ಮಾಲು ಹಿಂದಿನ ಸೀಟಿನಲ್ಲಿತ್ತು. ತಿಮ್ಮಾಪುರದ ಅನಸವ್ವನ ಮುಧೋಳ ನಾಯಿ, ಗಂಗಿ. ತುಂಬಿದ ಗಬ್ಬ. ಇಂದೋ ನಾಳೆಯೋ ಮರಿ ಹಾಕಬೇಕು. ಕದ್ದವನು ಸಾವಳಗಿಯ ರಾಚಪ್ಪ. ಅವನ ತೋಟಕ್ಕೆ ನುಗ್ಗಿ ವಾಪಸ್ ಎತ್ತಿಕೊಂಡು ಬಂದಿದ್ದೆ.

ಕಾರು ಮಾತ್ರ ರಬಕವಿಯ ನೇಕಾರ ಹುಲೆಪ್ಪನದು. ಅವನಿಗೇ ಫೋನ್ ಹಚ್ಚಿದೆ.

"ಮಾವಾ, ನಿಂತಲ್ಲೆ ಗಾಡಿ ಸಾಯಾಕತ್ತೇತಿ!"

"ನಿಂದರಬ್ಯಾಡಲೇ! ಓಡಿಸ್ಕೋತ ಇರು!"

"ಟ್ರ್ಯಾಕ್ಟರ್ ಮ್ಯಾಲೆ ಓಡಿಸ್ಲೇನು? ಪ್ಲಗ್?"

"ಹೊಸಾವು."

"ಕಾರ್ಬೊರೇಟರ್?"

"ಮೊನ್ನಿ ತೊಳಿಸೇನಿ. ಹವಾ ಪೈಪ್ ಸೀಳಿತ್ತು, ನಾನಾ ಕುಂತು ನೂಲು ಸುತ್ತೇನಿ. ಹೊಸಾ ಪೈಪಿನಂಗ ಆಗೇತಿ!"

ನೂಲು!

ಮಗ್ಗದ ಮನುಷ್ಯ. ಮಂಚದ ಕಾಲು ಮುರಿದರೂ ನೂಲು, ಕನ್ನಡಕ ಮುರಿದರೂ ನೂಲು. ನೂಲಿಗೆ ಹವಾ ನಿಲ್ಲುತ್ತದೆಯೇ?

ಚೋಕ್ ಎಳೆದು ಕೀ ತಿರುವಿದೆ. ಬ್ಯಾಟರಿಯಲ್ಲಿ ಕೊನೆಯ ಉಸಿರು... ಶುರುವಾಯಿತು! ಇಳಿದು ಬಾನೆಟ್ ಎತ್ತಿದೆ.

ಸುಸ್ಸ್...

ನೂಲಿನ ಸಂದಿಯಿಂದ ಎಂಜಿನ್ ಹೊರಗಿನ ಹವಾ ಹೀರುತ್ತಿತ್ತು. ಬೆರಳು ಒತ್ತಿದೆ. ನಡುಕ ನಿಂತಿತು. ಬೆರಳು ತೆಗೆದೆ. ಗಡಗಡ! ಒತ್ತಿದೆ. ಶಾಂತ.

ರೋಗ ಸಿಕ್ಕಿತು. ಆದರೆ ಬೆರಳು ಇಲ್ಲಿ, ಸ್ಟೇರಿಂಗ್ ಅಲ್ಲಿ!

ಮುಂದಿನ ಟ್ರ್ಯಾಕ್ಟರಿನವನಿಗೆ ಕೂಗಿದೆ. "ಅಣ್ಣಾ, ಸೈಕಲ್ ಟ್ಯೂಬಿನ ತುಂಡು ಐತೇನ್ರಿ?"

"ತಡೀರಿ, ಹುಡಕತೇನಿ!"

ಅವನಿಗಿಂತ ಮೊದಲು ಕುತ್ತಿಗೆಗೆ ಕುಡಗೋಲು ತಗುಲಿತು. ತಣ್ಣಗಿತ್ತು.

"ಏನ ಹಿಡಕೊಂಡೀಲೇ?" ರಾಚಪ್ಪನ ದನಿ.

"ಪೈಪು."

"ಹಿಡ್ಕೋ. ಛಲೋತ್ನ್ಯಾಗ ಹಿಡ್ಕೋ. ಬಿಟ್ಟಿ ಅಂದ್ರ ಗೋಣು ಹೋಗ್ತೈತಿ!"

ಹಿಡಿದುಕೊಂಡೆ. ಇನ್ನೇನು ಮಾಡಲಿ?

ಹಿಂದಿನ ಬಾಗಿಲು ತೆರೆದ ಸದ್ದು. ಗಂಗಿ ನನ್ನನ್ನೇ ನೋಡಿತು. ಇಬ್ಬರ ನಡುವೆ ಅದನ್ನು ಬೈಕಿನ ಮೇಲೆ ಕೂರಿಸಿಕೊಂಡರು. ಅಷ್ಟರಲ್ಲಿ ಹಿಂದೆಯೂ ತುಂಬಿದ್ದ ಟ್ರ್ಯಾಕ್ಟರುಗಳ ಸಂದಿಯಲ್ಲಿ ನುಸುಳಿದರು. ಹೋದರು...

ಆಗ ಬಂತು ಟ್ಯೂಬಿನ ತುಂಡು!

ಸುತ್ತಿದೆ. ಬಿಗಿದೆ. ಎಂಜಿನ್ ಹಾಲು ಕುಡಿದ ಕೂಸಿನಂತೆ ಉಸಿರಾಡಿತು. ಜಾಮ್ ಒಂದಿಂಚೂ ಸರಿದಿರಲಿಲ್ಲ.

ಫೋನ್ ಬಡಿದುಕೊಂಡಿತು. ಅನಸವ್ವ.

"ಎಲ್ಲಿ ಅದೀಯೋ ಯಪ್ಪಾ? ಗಂಗಿಗೆ ಮೆತ್ತನ್ನ ಕೌದಿ ಹಾಸಿ, ಬಾಗಲದಾಗ ಕುಂತೇನಿ..."

ನನ್ನ ಹತ್ತಿರ ಇದ್ದದ್ದು ಒಂದೇ ಒಳ್ಳೆಯ ಸುದ್ದಿ.

"ಗಾಡಿ... ಛಲೋ ಆತವ್ವಾ!"