ಗೋಲ್‌ಪೋಸ್ಟಿನ ಬುಡದ ನಿಂಬೆಹಣ್ಣು

"ಅದನ್ನ ಮುಟ್ಟಬೇಡಿ ಸಾರ್. ದಾಟಲೂ ಬೇಡಿ. ಸುತ್ತು ಹಾಕ್ಕೊಂಡು ಬನ್ನಿ," ಎಂದು ಮೈದಾನ ನೋಡಿಕೊಳ್ಳುವ ಬೈರಯ್ಯ ಹೇಳಿ ಮುಗಿಸುವಷ್ಟರಲ್ಲಿ ಕೊಟ್ರೇಶ್ ಬಗ್ಗಿ ಆ ನಿಂಬೆಹಣ್ಣನ್ನು ಎತ್ತಿಕೊಂಡಾಗಿತ್ತು.

ಉತ್ತರದ ಗೋಲಿನ ಎಡಗಂಬದ ಬುಡದಲ್ಲಿ, ಒದ್ದೆ ಮಣ್ಣಿನಲ್ಲಿ ಅರ್ಧ ಹೂತಿಟ್ಟಿದ್ದ ಹಣ್ಣು. ಏಳು ಸುತ್ತು ಕಪ್ಪು ದಾರ, ಅಡ್ಡಡ್ಡ ಚುಚ್ಚಿದ ಮೂರು ಗುಂಡುಸೂಜಿ, ಮೇಲೆ ಹೆಪ್ಪುಗಟ್ಟಿದ ಕುಂಕುಮ. ಮೂಗಿನ ಹತ್ತಿರ ಹಿಡಿದರೆ ನಿಂಬೆಯ ವಾಸನೆ ಇಲ್ಲ, ಸುಟ್ಟ ಕೂದಲಿನ ವಾಸನೆ. ಮೋಡ ತಲೆಗೆ ತಗಲುವಷ್ಟು ಕೆಳಗಿಳಿದಿದ್ದ ಆ ಭಾನುವಾರದ ಮಧ್ಯಾಹ್ನ, ಬಿಸಿಲನ್ನೇ ಕಾಣದ ಮಣ್ಣಿನಲ್ಲಿದ್ದ ಹಣ್ಣು ಕೈಗೆ ಬೆಚ್ಚಗೆ ಹತ್ತಿತು. ಯಾಕೆ ಬೆಚ್ಚಗಿದೆ ಎಂದು ಅವನು ಕೇಳಿಕೊಳ್ಳಬೇಕಿತ್ತು. ಊರಿಗೆಲ್ಲ ಪ್ರಶ್ನೆ ಹಾಕುವ ಮನುಷ್ಯ ಅದೊಂದನ್ನು ಮಾತ್ರ ಕೇಳಲಿಲ್ಲ.

ಕೊಟ್ರೇಶ್ ದಾವಣಗೆರೆಯಿಂದ ಬಂದು ನಾಲ್ಕು ತಿಂಗಳಾಗಿತ್ತು. ಬಸವೇಶ್ವರನಗರದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಕುರುಬರಹಳ್ಳಿಯಲ್ಲಿ ಬಾಡಿಗೆ ರೂಮು. ಮನೆ ಮಾಲೀಕರ ಮಗ ಮಹದೇವ್, ಅವನ ತಂಗಿ ರಂಜಿನಿ, ಇಬ್ಬರೂ ಕುರುಬರಹಳ್ಳಿ ಫುಟ್‌ಬಾಲ್ ತಂಡವೆಂದರೆ ಊಟ ಬಿಟ್ಟು ಏಳುವವರು. ಅವರ ಸಹವಾಸದಲ್ಲಿ ಇವನೂ ಹಸಿರು ಜೆರ್ಸಿ ತೊಟ್ಟ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ಅಭ್ಯಾಸ ಪಂದ್ಯಗಳ ಕೂಗಾಟದಲ್ಲೂ ಎಲ್ಲರಿಗಿಂತ ಇವನೇ ಮುಂದೆ.

ಅಂದು ಶ್ರೀಗಂಧದ ಕಾವಲಿನ ಮೈದಾನದಲ್ಲಿ ಲೀಗಿನ ಮೊದಲ ದಿನ. ಮೊದಲ ಪಂದ್ಯವೇ ಬದ್ಧವೈರಿ ಮಲ್ಲತ್ತಹಳ್ಳಿಯ ಮೇಲೆ. ಬಸ್ಸಿಳಿದಾಗಿನಿಂದ ಮೂವರಿಗೂ ಅದೇ ವಾದ, ಆ ತಂಡದ ಬಲ ಇರುವುದು ಎಲ್ಲಿ? ಅವರ ಮುತ್ತುರಾಜನ ಎಡಗಾಲಿನಲ್ಲಿ ಎಂದು ಮಹದೇವ್. ಕಾಲಿನಲ್ಲಲ್ಲ, ಮಾಟದಲ್ಲಿ ಎಂದು ರಂಜಿನಿ. ಹೋದ ವರ್ಷ ಇದೇ ಗೋಲಿಗೆ ನಮ್ಮವರು ಹೊಡೆದ ನಾಲ್ಕು ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂದದ್ದನ್ನು ಅವಳು ಮರೆತಿರಲಿಲ್ಲ. ಗೋಲಿನ ಹಿಂದೆ ಬ್ಯಾನರ್ ಕಟ್ಟಲು ಮೂವರೂ ಬಂದಾಗ ಕಣ್ಣಿಗೆ ಬಿದ್ದದ್ದೇ ಆ ಹಣ್ಣು. ರಂಜಿನಿಯ ಮುಖ ಬಿಳುಚಿಕೊಂಡಿತು. ಕೊಟ್ರೇಶನಿಗೆ ನಗು ಬಂತು. ನಿಂಬೆಹಣ್ಣು ಗೆಲ್ಲಿಸುವ ಹಾಗಿದ್ದರೆ ಲೀಗಿನ ಕಪ್ ಪ್ರತಿ ವರ್ಷ ತರಕಾರಿಯವನಿಗೇ ಸಿಗಬೇಕಿತ್ತಲ್ಲ ಎಂದ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಅವನು ಸೂಜಿ ಕಿತ್ತ, ದಾರ ಹರಿದ, ಹಲ್ಲಿನಲ್ಲಿ ತೊಟ್ಟು ಕಚ್ಚಿ ಉಗಿದು, ಮಹದೇವನ ಕೈಯಲ್ಲಿದ್ದ ಸೋಡಾಕ್ಕೆ ಹಣ್ಣು ಹಿಂಡಿದ.

ಬೈರಯ್ಯ ಕೈಯಲ್ಲಿದ್ದ ಸುಣ್ಣದ ಬಕೆಟ್ಟು ಕೆಳಗಿಟ್ಟ. "ಗೋಲಿಗೆ ಬೀಳೋ ಪೆಟ್ಟೆಲ್ಲ ತಾನೇ ತಿನ್ಲಿ ಅಂತ ಕಟ್ಟಿರೋ ಹಣ್ಣು ಸಾರ್ ಅದು. ತಮಾಷೆಗೆ ಕುಡಿದ್ರೂ ತಮಾಷೆ ಆಗಲ್ಲ."

"ಹಂಗಾದ್ರೆ ಆ ಪೆಟ್ಟು ನಾನೇ ತಿಂತೀನಿ ಬಿಡ್ರಿ," ಎಂದ ಕೊಟ್ರೇಶ್, ಒಂದೇ ಗುಟುಕಿಗೆ ಕುಡಿದ.

ಬೀದಿಯಲ್ಲಿ ಹೋಗೋ ಮಾರಿಯನ್ನು ಮನೆಗೆ ಕರೆದ ಹಾಗಾಯಿತು. ಹುಳಿಯೇ ಇರಲಿಲ್ಲ. ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ರುಚಿ.

ಆಟ ಶುರುವಾದ ಹನ್ನೆರಡನೇ ನಿಮಿಷಕ್ಕೆ ಮುತ್ತುರಾಜ ದೂರದಿಂದ ಒದ್ದ ಚೆಂಡು ಉತ್ತರದ ಗೋಲಿನ ಎಡಗಂಬಕ್ಕೆ ಠಣ್ಣನೆ ಬಡಿಯಿತು. ಜನ ಹೋ ಎಂದರು. ಗ್ಯಾಲರಿಯಲ್ಲಿದ್ದ ಕೊಟ್ರೇಶ್ ಎಡಪಕ್ಕೆ ಹಿಡಿದುಕೊಂಡು ಕುಸಿದ. ಜೆರ್ಸಿ ಎತ್ತಿ ನೋಡಿಕೊಂಡರೆ ಪಕ್ಕೆಯ ಮೇಲೆ ದುಂಡನೆ ನೀಲಿ ಗುರುತು, ಚೆಂಡಿನಷ್ಟೇ ಅಗಲ. ಗ್ಯಾಸ್ ಇರಬೇಕು ಎಂದು ಮಹದೇವ್ ಬೆನ್ನು ತಟ್ಟಿದ. ಇರಬಹುದು ಎಂದು ಇವನೂ ಅಂದುಕೊಂಡ. ಗ್ಯಾಸಿಗೆ ನೀಲಿಗಟ್ಟುವುದಿಲ್ಲ ಎಂದು ಲ್ಯಾಬಿನವನಿಗೆ ಯಾರು ಹೇಳಬೇಕು?

ಮೂವತ್ತನೇ ನಿಮಿಷಕ್ಕೆ ಮುತ್ತುರಾಜ ಗೋಲು ಹೊಡೆದ. ಬಲೆ ಹಿಂದಕ್ಕೆ ಉಬ್ಬಿದ್ದನ್ನು ಕೊಟ್ರೇಶ್ ಕಣ್ಣಾರೆ ಕಂಡ, ಅದೇ ಗಳಿಗೆಯಲ್ಲಿ ಅವನ ಹೊಟ್ಟೆ ಬೆನ್ನಿಗೆ ಹತ್ತಿತು. ಉಸಿರು ನಿಂತಿತು. ಮಟಮಟ ಮಧ್ಯಾಹ್ನದಲ್ಲೇ ಕಣ್ಣಿಗೆ ಕತ್ತಲು ಕವಿಯಿತು, ಕಿವಿಯಲ್ಲಿ ಬಲೆಯ ಹಗ್ಗ ಕಿರುಗುಟ್ಟುವ ಸದ್ದೊಂದೇ. ಮತ್ತೆ ಬೆಳಕು ಬಂದಾಗ ಬಾಯೊಳಗೆ ಕುಂಕುಮದ ವಾಸನೆ ಇತ್ತು, ಉಗಿದದ್ದು ಕೆಂಪಗಿತ್ತು. ಆಗ ಅವನಿಗೆ ಭಯವಾಯಿತು. ಹುಟ್ಟಿದ ಮೇಲೆ ಮೊದಲ ಸಲ.

ಅರ್ಧ ಆಟ ಮುಗಿದದ್ದೇ ಬೈರಯ್ಯನನ್ನು ಹುಡುಕಿಕೊಂಡು ಓಡಿದ. ಯಾರು ಕಟ್ಟಿದ್ದು, ಬಿಚ್ಚುವುದು ಹೇಗೆ ಎಂದು ಅಂಗಲಾಚಿದ. ಯಾರೆಂದು ಬೈರಯ್ಯನಿಗೂ ತಿಳಿಯದು. ಪ್ರತಿ ವರ್ಷ ಲೀಗಿನ ಮೊದಲ ದಿನ ಆ ಕಂಬದ ಬುಡದಲ್ಲಿ ಒಂದು ಬಿದ್ದಿರುತ್ತದಂತೆ. ಹಣ್ಣು ಹಣ್ಣಾಗಿಯೇ ಇದ್ದಿದ್ದರೆ ಲೀಗು ಮುಗಿದ ಮೇಲೆ ಒಯ್ದು ಕೆರೆಗೆ ಬಿಡಬಹುದಿತ್ತು, ಹೊಟ್ಟೆಗೆ ಹೋದದ್ದನ್ನು ಏನು ಮಾಡುವುದೆಂದು ಅವನು ಕಂಡಿಲ್ಲ, ಕೇಳಿಲ್ಲ.

"ಹೋದ ವರ್ಷದ ಹಣ್ಣು ಎರಡು ಗೋಲು ತಡ್ಕೊಳ್ತು ಸಾರ್," ಎಂದ ಬೈರಯ್ಯ, ಅವನ ಮುಖ ನೋಡದೆ. "ಮೂರನೇದಕ್ಕೆ ಒಡ್ಕೊಂಡ್ಬಿಡ್ತು."

ಒಂದು ಆಗಿಹೋಗಿದೆ. ಇನ್ನೆರಡು. ಮುತ್ತುರಾಜನನ್ನು ನಮ್ಮವರು ಕಟ್ಟಿಹಾಕಿದರೆ ಬದುಕಿದೆ ಎಂದು ಕೊಟ್ರೇಶ್ ಮೈದಾನದ ಕಡೆ ತಿರುಗಿದ. ಉತ್ತರದ ಗೋಲಿನಲ್ಲಿ ನೀಲಿ ಅಂಗಿಯ ಗೋಲ್‌ಕೀಪರ್ ನಿಂತಿದ್ದ, ಮಲ್ಲತ್ತಹಳ್ಳಿಯವನು. ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಧ ಆಟದ ನಂತರ ತಂಡಗಳು ದಿಕ್ಕು ಬದಲಿಸುತ್ತವೆ. ಇನ್ನು ಆ ಗೋಲಿಗೆ ಚೆಂಡು ಹೊಡೆಯುವವರು ಕುರುಬರಹಳ್ಳಿಯವರು. ಇಷ್ಟು ದಿನ ಗಂಟಲು ಹರಿದುಕೊಂಡು ಯಾರು ಗೆಲ್ಲಲಿ ಎಂದು ಕೂಗಿದ್ದನೋ ಅವರೇ.

ಕೊಟ್ರೇಶ್ ಮೈದಾನಕ್ಕೆ ಬೆನ್ನು ಹಾಕಿ ಓಡಿದ. ಗೇಟು ದಾಟಿ, ಸಿಕ್ಕಿದ ಆಟೋ ಹತ್ತಿ, ಎಲ್ಲಿಗಾದರೂ ನಡಿ ಎಂದ. ದೂರ ಹೋದರೆ ಕಟ್ಟು ಹರಿದೀತು ಎಂಬ ಆಸೆ. ಮಾಗಡಿ ರಸ್ತೆಗೆ ಬರುವಷ್ಟರಲ್ಲಿ ಪೆಟ್ಟು ಬಿತ್ತು. ಆಟೋದ ತಳಕ್ಕೆ ಉರುಳಿದ. ಏನಾಯ್ತಣ್ಣ ಎಂದು ಡ್ರೈವರ್ ಕೇಳುತ್ತಿದ್ದ, ಉತ್ತರಿಸಲು ಉಸಿರಿರಲಿಲ್ಲ. ಬಾಯಿಂದ ನೆತ್ತರು ಬಂತು, ಅದರಲ್ಲಿ ಎರಡು ನಿಂಬೆಬೀಜ. ಜೇಬಿನ ಫೋನಿನಲ್ಲಿ ಮಹದೇವನ ಮೆಸೇಜು: ಎಲ್ಲಿದೀಯ ಮಗಾ, ನಮ್ಮ ಶಿವಕಿರಣ್ ಗೋಲು ಹೊಡ್ದ, ಒಂದೊಂದು ಸಮ.

ಓಡಿ ಉಳಿಯುವುದಿಲ್ಲ. ಎದುರಿಗಿದ್ದು ತಡೆಯಬೇಕು. ಅವನು ಆಟೋ ತಿರುಗಿಸಿದ.

ಬರುವ ಹೊತ್ತಿಗೆ ಮೋಡ ಇನ್ನೂ ಕಪ್ಪಾಗಿತ್ತು. ಮೈದಾನದಲ್ಲಿ ಸದ್ದಡಗಿತ್ತು. ಕೊನೆಯ ನಿಮಿಷ. ಕುರುಬರಹಳ್ಳಿಗೆ ಪೆನಾಲ್ಟಿ. ಉತ್ತರದ ಗೋಲು. ಚೆಂಡಿನ ಹಿಂದೆ ಶಿವಕಿರಣ್. ಅವನು ಪೆನಾಲ್ಟಿ ತಪ್ಪಿಸಿದ್ದೇ ಇಲ್ಲ.

ಕೊಟ್ರೇಶ್ ಓಡಿದ. ಗೋಲಿನ ಹಿಂದೆ, ಬ್ಯಾನರಿನ ಪಕ್ಕ, ಮಹದೇವ್ ಮತ್ತು ರಂಜಿನಿ ಕೈ ಕೈ ಹಿಡಿದು ನಿಂತಿದ್ದರು. ಅವರನ್ನು ತಳ್ಳಿ ಬಲೆಗೆ ಮುಖ ಒತ್ತಿದ. ಒದ್ದೆ ಹಗ್ಗದ ವಾಸನೆ. ಸುಟ್ಟ ಕೂದಲಿನ ವಾಸನೆ.

"ಅಣ್ಣಾ, ನಿನ್ನ ಬಲಕ್ಕೆ ಹಾರು," ಎಂದ ವೈರಿ ಗೋಲ್‌ಕೀಪರನಿಗೆ. "ಯಾವಾಗ್ಲೂ ಅಲ್ಲಿಗೇ ಹೊಡಿತಾನೆ. ಕಾಲಿಗೆ ಬೀಳ್ತೀನಿ, ಬಲಕ್ಕೆ."

ಸೀಟಿ. ಶಿವಕಿರಣ್ ಓಡಿಬಂದ. ಒದ್ದ. ಗೋಲ್‌ಕೀಪರ್ ಬಲಕ್ಕೆ ಹಾರಿದ. ಚೆಂಡು ಅವನ ಎದೆಗೆ ಬಂದು ಸೇರಿತು. ಬಲೆ ಅಲುಗಲಿಲ್ಲ.

ಪಂದ್ಯ ಸಮವಾಗಿ ಮುಗಿಯಿತು. ಕೊಟ್ರೇಶ್ ಮಂಡಿಯೂರಿ ಅತ್ತ, ನಗುತ್ತಾ ಅತ್ತ.  ಇವನು ವೈರಿಗೆ ಹೇಳಿಕೊಟ್ಟದ್ದನ್ನು ಮಹದೇವ್ ಕಿವಿಯಾರೆ ಕೇಳಿದ್ದ. ನಿಂಬೆಹಣ್ಣು, ಪೆಟ್ಟು, ಮೂರನೇ ಗೋಲು ಎಂದು ಇವನು ತೊದಲಿದ್ದನ್ನು ಅಣ್ಣತಂಗಿ ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

"ಈ ತಿಂಗಳೇ ರೂಮ್ ಖಾಲಿ ಮಾಡು," ಎಂದ ಮಹದೇವ್. ರಂಜಿನಿ ಬ್ಯಾನರ್ ಬಿಚ್ಚಿ ಸುತ್ತಿಕೊಂಡು ತಿರುಗಿ ನೋಡದೆ ನಡೆದಳು. ಹೊಟ್ಟೆಗೆ ಇನ್ನೊಂದು ಪೆಟ್ಟು ಬಿದ್ದಷ್ಟೇ ನೋವಾಯಿತು. ಆದರೂ ಉಸಿರಿತ್ತು. ಹೋದರೆ ಹೋಗಲಿ, ಜೀವ ಉಳಿಯಿತಲ್ಲ ಎಂದು ಕಂಬಕ್ಕೆ ಒರಗಿ ಕೂತ.

ಮೈಕಿನಲ್ಲಿ ಯಾರೋ ಕೂಗಿದರು. ದಿನದ ಎರಡನೇ ಪಂದ್ಯ ಇನ್ನು ಅರ್ಧ ಗಂಟೆಯಲ್ಲಿ. ನಾಳೆ ಎರಡು. ನಾಡಿದ್ದು ಎರಡು. ಲೀಗು ಎರಡು ತಿಂಗಳು, ಎಲ್ಲ ಪಂದ್ಯವೂ ಇದೇ ಮೈದಾನದಲ್ಲಿ.

ದೂರದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ ಬೈರಯ್ಯ ತಲೆ ಎತ್ತಿ ಕೊಟ್ರೇಶನನ್ನು ನೋಡಿದ. ನೋಡಿ, ಮುಖ ತಿರುಗಿಸಿಕೊಂಡ.

ಹಳದಿ ಅಂಗಿಯ ಹೊಸ ತಂಡ ಕೇಕೆ ಹಾಕುತ್ತಾ ಒಳಗೆ ಬಂತು. ಕೋಚು ಹೆಗಲ ಮೇಲಿನ ಚೀಲ ಇಳಿಸಿ ಅದರ ಬಾಯಿ ಬಿಚ್ಚಿದ. ಚೆಂಡುಗಳು ಹುಲ್ಲಿನ ಮೇಲೆ ಉರುಳಿದವು. ಒಂದು, ಎರಡು, ಹತ್ತು, ಹದಿನಾಲ್ಕು. ಕೊಟ್ರೇಶ್ ಏಳಲು ನೋಡಿದ, ಕಾಲು ಬರಲಿಲ್ಲ. ಕೂಗಲು ನೋಡಿದ, ಗಂಟಲಿನಿಂದ ಗಾಳಿ ಮಾತ್ರ ಬಂತು. ಗೋಲ್‌ಕೀಪರ್ ಬೇಡ, ಮೊದಲು ಬರೀ ಗೋಲಿಗೆ ಹೊಡೆದು ಕಾಲು ಸಡಿಲ ಮಾಡಿಕೊಳ್ಳಿ ಎಂದು ಕೋಚು ತನ್ನ ಆಟಗಾರರನ್ನು ಉತ್ತರದ ಗೋಲಿನ ಮುಂದೆ ಸಾಲು ನಿಲ್ಲಿಸಿದ. ಸಾಲಿನ ಮೊದಲನೆಯವನು ನಾಲ್ಕು ಹೆಜ್ಜೆ ಹಿಂದೆ ಹೋಗಿ ಓಡಿಬಂದ.