ಸೆಟ್ಟಿನಲ್ಲಿ ಕೆಮ್ಮಿದವಳು

ಬೇಗೂರಿನಾಚೆ ಕಾಡಿಗೆ ಬೆಂಕಿ ಬಿದ್ದ ಮಧ್ಯಾಹ್ನ, ಆರಿಸಲು ಹೋದ ನಾನು ಹೊಗೆ ತುಂಬಿದ ಹಳ್ಳದಲ್ಲಿ ಸಿಕ್ಕಿಕೊಂಡೆ. ವಾಕಿಟಾಕಿಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರ ದನಿ ದಾಟುವುದಿಲ್ಲ. ಬೆಂಕಿ ಆರಿಸುವ ನಮ್ಮ ತಂಡದವರೋ ನೀರು, ಊಟ, ಜೀಪು ಎಂದು ಬಿಡುವಿಲ್ಲದೆ ಒದರುತ್ತಿದ್ದರು. ಅಷ್ಟು ಬಿಸಿಲಲ್ಲೂ ಕೈಯಲ್ಲಿದ್ದ ವಾಕಿಟಾಕಿ ಸೆಟ್ಟು ಇದ್ದಕ್ಕಿದ್ದಂತೆ ತಣ್ಣಗಾಯಿತು. ಅದರೊಳಗೆ ಯಾರೋ ಹೆಂಗಸು ಕೆಮ್ಮಿದಳು.

"ಸುಮ್ಕಿರ್ರಲಾ ಎಲ್ಲಾರೂವೆ. ಹಳ್ಳದಲ್ಲಿರೋನು ಮಾತಾಡ್ಲಿ."

ಚಾನೆಲ್ ಗಪ್‌ಚುಪ್ಪಾಯಿತು. ನಾನು ಜಾಗ ಹೇಳಿದೆ. ಜೊತೆಗಾರ ಶಿವಸ್ವಾಮಿ ಬಂದು ಎಳೆದೊಯ್ದ.

ನಮ್ಮ ತಂಡದಲ್ಲಿ ಹೆಂಗಸರೇ ಇಲ್ಲ. ಅಂದಿನಿಂದ ದಿನವೂ ಕೆಲಸ ಮುಗಿದ ಮೇಲೆ ಎಲ್ಲರೂ ಅವಳಿಗಾಗಿ ಚಾನೆಲ್ ಬಿಟ್ಟುಕೊಡುತ್ತಾರೆ. ನಾನು, "ನಿನ್ನಿಂದ ಬದುಕ್ದೆ ಕಣವ್ವ, ಓವರ್" ಎನ್ನುತ್ತೇನೆ. ಆ ಕಡೆ ಯಾರಾದರೂ ಗುಂಡಿ ಒತ್ತಿದರಷ್ಟೇ ಹತ್ತುವ ಹಸಿರು ದೀಪ ಹತ್ತಿಕೊಳ್ಳುತ್ತದೆ. ಕೈಯಲ್ಲಿನ ಸೆಟ್ಟು ತಣ್ಣಗಾಗುತ್ತದೆ.